ಹತ್ತು ಸಾವುಗಳ ಮನೆತನ ಮತ್ತು ಕೆಫೀನ್ ಪರೀಕ್ಷೆ

1960ರಲ್ಲಿ ಮೆಲ್ಬರ್ನ್‌ನ ಆಸ್ಪತ್ರೆಯೊಂದಕ್ಕೆ 21 ವರ್ಷದ ವಿದ್ಯಾರ್ಥಿಯೊಬ್ಬ ಕಾಲು ಮುರಿದುಕೊಂಡು ಬಂದ. ಅವನಿಗೆ ಮೂಳೆಯ ಚಿಂತೆಗಿಂತ ಅರಿವಳಿಕೆಯ ಭಯವೇ ದೊಡ್ಡದು. ಅವನ ಬಂಧುಗಳಲ್ಲಿ ಹತ್ತು ಜನ ಈಥರ್ ಪಡೆದು ತೀರಿಕೊಂಡಿದ್ದರು. ವೈದ್ಯರು ಈಥರ್ ಬಿಟ್ಟು ಆಗಿನ ಹೊಸ ಔಷಧ ಹ್ಯಾಲೋಥೇನ್ ಕೊಟ್ಟರು. ಹತ್ತೇ ನಿಮಿಷದಲ್ಲಿ ರಕ್ತದೊತ್ತಡ ಕುಸಿಯಿತು, ನಾಡಿ ಓಡಿತು, ಮೈ ಕಾದ ಹೆಂಚಿನಂತಾಯಿತು. ಅರಿವಳಿಕೆ ನಿಲ್ಲಿಸಿ, ಮಂಜುಗಡ್ಡೆ ಸುತ್ತಿ ಹುಡುಗನನ್ನು ಉಳಿಸಿಕೊಂಡರು. ಡೆನ್‌ಬರೋ ಮತ್ತು ಲವೆಲ್ ಈ ಪ್ರಕರಣವನ್ನು ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಗೆ ಪುಟ್ಟ ಪತ್ರವಾಗಿ ಬರೆದರು. ಮನೆಮಂದಿಯ ಮಾತನ್ನು ವೈದ್ಯರು ಕಿವಿಗೊಟ್ಟು ಕೇಳಿದ್ದರಿಂದಲೇ ಒಂದು ಕಾಯಿಲೆಗೆ ಚರಿತ್ರೆ ಸಿಕ್ಕಿತು ಎನ್ನಬೇಕು. ಅದಕ್ಕೆ ಮುಂದೆ ‘ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ’ ಎಂಬ ಹೆಸರು ಬಂತು.

ಆದರೆ ಯಾರಿಗೆ ಈ ದೋಷವಿದೆಯೆಂದು ಮೊದಲೇ ತಿಳಿಯುವುದು ಹೇಗೆ? ಅರಿವಳಿಕೆ ಕೊಟ್ಟು ನೋಡುವಂತಿಲ್ಲವಲ್ಲ! ಇಲ್ಲಿ ನೆರವಿಗೆ ಬಂದದ್ದು ಕೆಫೀನ್. ಅದು ಸ್ನಾಯುವನ್ನು ಬಿಗಿಯಿಸುತ್ತದೆಂಬುದು ಹಳೆಯ ತಿಳಿವಳಿಕೆ. 1970ರಲ್ಲಿ ಟೊರಾಂಟೊದ ಕ್ಯಾಲೋ, ಬ್ರಿಟ್ ಮತ್ತು ಸಂಗಡಿಗರು, ಈ ಜ್ವರದಿಂದ ಬದುಕುಳಿದವರ ಸ್ನಾಯುವಿನ ಚೂರುಗಳು ಸಾಮಾನ್ಯರದಕ್ಕಿಂತ ಕಡಿಮೆ ಕೆಫೀನಿಗೇ ಬಿಗಿಯುತ್ತವೆಂದು ತೋರಿಸಿದರು.

ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಕೂಡಿಟ್ಟ ಚೀಲಗಳಿವೆ. ಅವುಗಳ ಬಾಗಿಲು ತೆರೆದರೆ ಸ್ನಾಯು ಬಿಗಿಯುತ್ತದೆ, ಮುಚ್ಚಿದರೆ ಸಡಿಲಾಗುತ್ತದೆ. ಕೆಫೀನ್ ಆ ಬಾಗಿಲನ್ನು ತೆರೆಯುವ ವಸ್ತು. ಈ ಮನೆತನಗಳಲ್ಲಿ ಬಾಗಿಲಿನ ಅಗುಳಿಯೇ ಸಡಿಲ. ಕ್ಯಾಲ್ಸಿಯಂ ನಿಲ್ಲದೆ ಸುರಿದಾಗ ಅದನ್ನು ಮತ್ತೆ ಒಳಗೆ ತುಂಬಲು ಕೋಶ ತನ್ನ ಶಕ್ತಿಯನ್ನೆಲ್ಲ ಉರಿಸುತ್ತದೆ. ಗ್ಲೈಕೋಜನ್ ಕರಗಿ ಲ್ಯಾಕ್ಟಿಕ್ ಆಮ್ಲ, ಇಂಗಾಲದ ಡೈಆಕ್ಸೈಡ್, ಶಾಖ ಎಲ್ಲವೂ ಏರುತ್ತವೆ. ಹುಡುಗನ ಮೈ ಕಾದದ್ದು ಹೀಗೆ.

ಕಾಫಿಪ್ರಿಯರು ಗಾಬರಿಯಾಗಬೇಕಿಲ್ಲ. ಯುರೋಪಿನ ಪರೀಕ್ಷೆಯಲ್ಲಿ ಲೀಟರಿಗೆ 2 ಮಿಲಿಮೋಲ್ ಅಥವಾ ಅದಕ್ಕಿಂತ ಕಡಿಮೆ ಕೆಫೀನಿಗೆ ಸ್ನಾಯು ಬಿಗಿದರೆ ದೋಷವಿದೆಯೆಂದು ಲೆಕ್ಕ. ಒಂದೆರಡು ಲೋಟ ಕಾಫಿ ಕುಡಿದವರ ರಕ್ತದಲ್ಲಿ ಅದರ ಐವತ್ತನೇ ಒಂದು ಪಾಲೂ ಇರುವುದಿಲ್ಲ.

ಚಿಕಿತ್ಸೆಯ ದಾರಿ ತೋರಿಸಿದ್ದು ಹಂದಿಗಳು. ಇದೇ ದೋಷವಿದ್ದ ಹಂದಿಗಳನ್ನು ಡ್ಯಾಂಟ್ರೋಲೀನ್ ಉಳಿಸುತ್ತದೆಂದು ದಕ್ಷಿಣ ಆಫ್ರಿಕಾದ ಹ್ಯಾರಿಸನ್ 1975ರಲ್ಲಿ ತೋರಿಸಿದರು.

ಪರೀಕ್ಷೆಗೆ ಮಾತ್ರ ತೊಡೆಯ ಸ್ನಾಯುವಿನ ಜೀವಂತ ತುಂಡೇ ಬೇಕು. ಆರೋಗ್ಯವಾಗಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಬರೀ ಅನುಮಾನಕ್ಕೆ ಮೈ ಕೊಯ್ಯಿಸಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಈ ಕಷ್ಟ ತಪ್ಪಿಸಲು, ತೊಡೆಗೆ ತುಸು ಕೆಫೀನ್ ಚುಚ್ಚಿ ಅಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯುವ ಪ್ರಯೋಗಗಳು ಈ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ನಡೆದವು. 1990ರ ಹೊತ್ತಿಗೇ 19ನೇ ವರ್ಣತಂತುವಿನ ಜೀನ್ ಒಂದು ಪತ್ತೆಯಾಗಿತ್ತು. ಆದರೆ ಎಲ್ಲ ಮನೆತನಗಳ ದೋಷವೂ ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ತೊಡೆಯ ತುಂಡು ಇಂದಿಗೂ ಕೆಫೀನಿನ ದ್ರಾವಣಕ್ಕೆ ಇಳಿಯುತ್ತಲೇ ಇದೆ.