ಕಾಲ ನಿಲ್ಲಿಸುವ ಶೂಟರ್‌ಗಳು ಮತ್ತು ವಿಮರ್ಶೆಯ ಅಳತೆಗೋಲು: ‘ಟೈಮ್‌ಶಿಫ್ಟ್’ನಿಂದ ‘ಸೂಪರ್‌ಹಾಟ್’ವರೆಗೆ

2007ರ ಅಕ್ಟೋಬರ್ 30ರಂದು ಅಮೆರಿಕದ ಅಂಗಡಿಗಳಿಗೆ ಬಂದ ‘ಟೈಮ್‌ಶಿಫ್ಟ್’ ಮತ್ತು 2016ರ ಫೆಬ್ರವರಿ 25ರಂದು ಬಿಡುಗಡೆಯಾದ ‘ಸೂಪರ್‌ಹಾಟ್’ ಎರಡೂ ಫಸ್ಟ್ ಪರ್ಸನ್ ಶೂಟರ್ ವರ್ಗದ ವಿಡಿಯೊ ಗೇಮ್‌ಗಳು. ಬಂದೂಕು ಹಿಡಿದ ಪಾತ್ರದ ಕಣ್ಣಿನಿಂದಲೇ ಆಟಗಾರ ಲೋಕವನ್ನು ನೋಡುತ್ತಾನೆ, ಕಾಲದ ಓಟವೂ ಅವನ ಹಿಡಿತಕ್ಕೆ ಸಿಗುತ್ತದೆ. ಆದರೆ ಮೊದಲನೆಯದನ್ನು ವಿಮರ್ಶಕರು ‘ಪರವಾಗಿಲ್ಲ’ ಎಂಬ ಸಾಲಿಗೆ ಸೇರಿಸಿ ಮುಂದೆ ಹೋದರು. ಎರಡನೆಯದನ್ನು ಇಡೀ ವರ್ಗಕ್ಕೇ ಹೊಸ ದಾರಿ ತೋರಿಸಿದ ಕೃತಿಯೆಂದು ಕೊಂಡಾಡಿದರು. ಎರಡನೆಯದು ಹೆಚ್ಚು ಒಳ್ಳೆಯ ಆಟ ಎನ್ನುವುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಅದು ನಿಜವೇ, ಆದರೆ ಅರ್ಧ ನಿಜ. ಈ ಎಂಟು ಚಿಲ್ಲರೆ ವರ್ಷಗಳಲ್ಲಿ ಆಟಗಳ ಜೊತೆಗೆ ಅವುಗಳನ್ನು ಅಳೆಯುವ ಕೋಲೂ ಬದಲಾಯಿತು. ಆ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಎರಡು ಸ್ವಾಗತಗಳನ್ನು ಹೋಲಿಸಿದರೆ ‘ಟೈಮ್‌ಶಿಫ್ಟ್’ಗೆ ಅನ್ಯಾಯವಾಗುತ್ತದೆ, ‘ಸೂಪರ್‌ಹಾಟ್’ನ ನಿಜವಾದ ಸಾಧನೆಯೂ ಮಸುಕಾಗುತ್ತದೆ.

ಆಟದ ಕಾಲವನ್ನು ಕುರಿತ ಚರ್ಚೆಗೆ ಡೆನ್ಮಾರ್ಕಿನ ವಿದ್ವಾಂಸ ಯೆಸ್ಪರ್ ಯೂಲ್ 2004ರಲ್ಲಿ ಒಂದು ಉಪಯುಕ್ತ ಚೌಕಟ್ಟು ಕೊಟ್ಟರು. ಆಟಗಾರ ಕುರ್ಚಿಯಲ್ಲಿ ಕುಳಿತು ಕಳೆಯುವ ಕಾಲ ಒಂದು, ಆಟದ ಲೋಕದೊಳಗೆ ಘಟನೆಗಳು ನಡೆಯುವ ಕಾಲ ಇನ್ನೊಂದು. ನಗರ ಕಟ್ಟುವ ಆಟದಲ್ಲಿ ಆಟಗಾರನ ಕೆಲವು ನಿಮಿಷ ಆಟದೊಳಗಿನ ಒಂದು ವರ್ಷವಾಗಬಹುದು. ಶೂಟರ್‌ನಲ್ಲಿ ಹಾಗಲ್ಲ, ಅಲ್ಲಿ ಎರಡೂ ಕಾಲಗಳು ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ನಡೆಯುತ್ತವೆ. ನಾನು ಒಂದು ಕ್ಷಣ ತಡಮಾಡಿದರೆ ಶತ್ರುವಿಗೆ ಒಂದು ಕ್ಷಣ ಹೆಚ್ಚು ಸಿಗುತ್ತದೆ, ಅಷ್ಟರಲ್ಲಿ ಅವನು ನನ್ನನ್ನು ಹೊಡೆಯುತ್ತಾನೆ. ಶೂಟರ್‌ನ ಉದ್ವೇಗವೆಲ್ಲ ನಿಂತಿರುವುದು ಈ ಕರಾರಿನ ಮೇಲೆ. ಆದ್ದರಿಂದ ಶೂಟರ್‌ನಲ್ಲಿ ಕಾಲವನ್ನು ಮುಟ್ಟುವುದೆಂದರೆ ಆ ವರ್ಗದ ಬುನಾದಿಗೇ ಕೈ ಹಾಕಿದಂತೆ.

ಈ ಬುನಾದಿಗೆ ಮೊದಲ ಬಾರಿ ದೊಡ್ಡ ಮಟ್ಟದಲ್ಲಿ ಕೈ ಹಾಕಿದ್ದು, ಪಾತ್ರವನ್ನು ಹೊರಗಿನಿಂದ ತೋರಿಸುವ ಸೋದರ ಪ್ರಕಾರ. 1999ರ ‘ದಿ ಮೇಟ್ರಿಕ್ಸ್’ ಚಲನಚಿತ್ರದಲ್ಲಿ ಗುಂಡುಗಳು ಗಾಳಿಯಲ್ಲಿ ತೇಲಿದ ಮೇಲೆ, 2001ರಲ್ಲಿ ಫಿನ್ಲೆಂಡಿನ ರೆಮಿಡಿ ಸಂಸ್ಥೆಯ ‘ಮ್ಯಾಕ್ಸ್ ಪೇನ್’ ಆ ನಿಧಾನಗತಿಯನ್ನು ಆಟಗಾರನ ಬೆರಳಿಗೆ ತಂದುಕೊಟ್ಟಿತು. 2003ರ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ನಲ್ಲಿ ಬಿದ್ದು ಸತ್ತವನು ಕಾಲವನ್ನು ಹಿಂದಕ್ಕೆ ಸುತ್ತಿ ಮತ್ತೆ ಜಿಗಿಯಬಹುದಿತ್ತು. 2005ರ ‘ಫಿಯರ್’ ಫಸ್ಟ್ ಪರ್ಸನ್ ಶೂಟರ್‌ಗೆ ಸ್ಲೋ ಮೋಷನ್ ತಂದಿತು. ಮೂರರಲ್ಲೂ ಈ ಶಕ್ತಿ ಅಳತೆಯಿಟ್ಟು ಸಿಗುವ ಬೋನಸ್. ಖರ್ಚಾದರೆ ಮತ್ತೆ ತುಂಬಿಕೊಳ್ಳಬೇಕು, ಅಲ್ಲಿಯತನಕ ಎಂದಿನ ಕಾಲವೇ ಗತಿ.

‘ಟೈಮ್‌ಶಿಫ್ಟ್’ ಈ ಸಾಲಿನಲ್ಲೇ ಹುಟ್ಟಿದರೂ ಅದರ ಆಸೆ ದೊಡ್ಡದಿತ್ತು. ಅದನ್ನು ರೂಪಿಸಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸ್ಟುಡಿಯೊ ಹೊಂದಿದ್ದ ಸೇಬರ್ ಇಂಟರಾಕ್ಟಿವ್. ಮೊದಲು ಅಟಾರಿ ಪ್ರಕಾಶಿಸಬೇಕಿತ್ತು. ನಡುವೆ ಹಕ್ಕು ವಿವೆಂಡಿಗೆ ಹೋಯಿತು, ಬಿಡುಗಡೆ ಮುಂದೂಡಿ ಆಟವನ್ನು ಬಹುಪಾಲು ಹೊಸದಾಗಿ ಕಟ್ಟಲಾಯಿತು. ಕೊನೆಗೆ ವಿವೆಂಡಿಯ ಸಿಯೆರಾ ಹೆಸರಿನಲ್ಲಿ ಹೊರಬಂದ ರೂಪದಲ್ಲಿ, ಡಾ. ಏಡನ್ ಕ್ರೋನ್ ಎಂಬ ವಿಜ್ಞಾನಿ ಕಾಲಯಾನದ ಉಡುಪು ತೊಟ್ಟು ಭೂತಕಾಲಕ್ಕೆ ಹೋಗಿ ಚರಿತ್ರೆಯನ್ನು ತಿದ್ದಿ ಸರ್ವಾಧಿಕಾರಿಯಾಗಿರುತ್ತಾನೆ. ಅಂಥದ್ದೇ ಇನ್ನೊಂದು ಉಡುಪು ತೊಟ್ಟ ಆಟಗಾರ ಅವನ ಬೆನ್ನು ಹತ್ತುತ್ತಾನೆ. ಕಾಲವನ್ನು ನಿಧಾನಿಸುವುದು, ನಿಲ್ಲಿಸುವುದು, ಹಿಂದಕ್ಕೆ ತಿರುಗಿಸುವುದು, ಈ ಮೂರೂ ಆ ಉಡುಪಿನ ಶಕ್ತಿಗಳು.

ಆಟದ ಆರಂಭದಲ್ಲಿ ಮಳೆ ಸುರಿಯುತ್ತಿರುವ ಬೀದಿಯೊಂದಿದೆ. ಅಲ್ಲಿ ಕಾಲವನ್ನು ನಿಲ್ಲಿಸಿದರೆ ಹನಿಗಳು ಇದ್ದಲ್ಲೇ ಗಾಳಿಯಲ್ಲಿ ನಿಲ್ಲುತ್ತವೆ. ಆಟಗಾರ ಅವುಗಳ ನಡುವೆ ನಡೆದುಹೋಗಿ, ಕಲ್ಲಿನಂತೆ ನಿಂತ ಸೈನಿಕನ ಕೈಯಿಂದ ಬಂದೂಕು ಕಿತ್ತುಕೊಳ್ಳಬಹುದು. ಕಾಲ ಮತ್ತೆ ಹರಿದಾಗ ಸೈನಿಕ ಬರಿಗೈಯಲ್ಲಿ ಕಕ್ಕಾಬಿಕ್ಕಿಯಾಗಿ ನಿಂತಿರುತ್ತಾನೆ. ವಿಮರ್ಶಕರು ಈ ಮಳೆಯನ್ನು ಮೆಚ್ಚಿದರು, ಬಂದೂಕು ಕಸಿಯುವ ಚಮತ್ಕಾರವನ್ನು ಮೆಚ್ಚಿದರು. ಆದರೂ ಬೇರೆ ಬೇರೆ ಪತ್ರಿಕೆಗಳ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಆಟ 70ರ ಆಸುಪಾಸಿನಲ್ಲಿ ನಿಂತಿತು. ಆ ತಾಣದ ಲೆಕ್ಕದಲ್ಲಿ 75ಕ್ಕಿಂತ ಕೆಳಗಿನದು ಮಿಶ್ರ ಪ್ರತಿಕ್ರಿಯೆಯ ವಲಯ.

ಆಕ್ಷೇಪಗಳು ಹೆಚ್ಚುಕಡಿಮೆ ಒಂದೇ ಬಗೆಯವು: ಕಥೆ ಗೋಜಲು, ಸರ್ವಾಧಿಕಾರದ ನಗರ 2004ರ ‘ಹಾಫ್-ಲೈಫ್ 2’ನಲ್ಲಿ ಕಂಡಂಥದ್ದೇ, ಕಾಲದ ಒಗಟುಗಳು ತೀರಾ ಸರಳ. ಈ ಕೊನೆಯ ಆಕ್ಷೇಪದ ಮೇಲೆ ಸ್ವಲ್ಪ ನಿಲ್ಲಬೇಕು. ‘ಟೈಮ್‌ಶಿಫ್ಟ್’ನ ಉಡುಪಿನೊಳಗೆ ಒಂದು ಕೃತಕ ಬುದ್ಧಿಯಿದೆ. ಎದುರಿಗೆ ಯಾವ ಸನ್ನಿವೇಶ ಬಂದರೂ ಮೂರು ಶಕ್ತಿಗಳಲ್ಲಿ ಯಾವುದು ಸೂಕ್ತವೆಂದು ಅದೇ ಆರಿಸಿ ಇಟ್ಟಿರುತ್ತದೆ, ಆಟಗಾರ ಬಟನ್ ಒತ್ತಿದರೆ ಸಾಕು. ಬೇಕಾದರೆ ತಾನೇ ಬೇರೆ ಶಕ್ತಿಯನ್ನು ಆರಿಸಬಹುದು, ಆದರೆ ಆರಿಸುವ ಅಗತ್ಯವೇ ಬರುವುದಿಲ್ಲ. ಕುಸಿದ ದಾರಿ ಎದುರಾದರೆ ಹಿಮ್ಮುಖ, ಕ್ಷಣದಲ್ಲಿ ಮುಚ್ಚಿಕೊಳ್ಳುವ ಬಾಗಿಲಾದರೆ ನಿಧಾನ. ಕಾಲದ ಬಗ್ಗೆ ಯೋಚಿಸುವ ಕೆಲಸವನ್ನು ಆಟವೇ ಆಟಗಾರನ ಕೈಯಿಂದ ಕಿತ್ತುಕೊಂಡಿತ್ತು. ಬಹುಪಾಲು ವಿಮರ್ಶಕರು ಇದನ್ನು ಗಮನಿಸಿದರು, ಆದರೆ ಒಗಟುಗಳ ಕಠಿಣತೆಯ ಪ್ರಶ್ನೆಯಾಗಿ ಮಾತ್ರ. ಅವರ ಬರಹದ ಸಿದ್ಧ ಅಂಕಣಗಳೆಂದರೆ ಗ್ರಾಫಿಕ್ಸ್, ಧ್ವನಿ, ನಿಯಂತ್ರಣ, ಆಟದ ಅವಧಿ. ಕಾಲವು ಈ ಪಟ್ಟಿಗೆ ಸೇರಿದ ಇನ್ನೊಂದು ಸೌಲಭ್ಯವಾಗಿ ಅಂಕ ಪಡೆಯಿತು. ಉಡುಪಿನ ಆ ನಿರ್ಧಾರ ಇಡೀ ಆಟದ ಅರ್ಥವನ್ನೇ ಹೇಗೆ ಬದಲಿಸುತ್ತದೆ ಎಂದು ಕೇಳಲು ಆ ಅಂಕಣಗಳಲ್ಲಿ ಜಾಗವಿರಲಿಲ್ಲ.

ಹಲವರು ಆಡುವ ಆವೃತ್ತಿಯಲ್ಲಿ ಇದಕ್ಕಿಂತ ಕುತೂಹಲದ ಪ್ರಶ್ನೆಯಿತ್ತು. ಒಬ್ಬ ಕಾಲ ನಿಲ್ಲಿಸಿದರೆ ಉಳಿದವರ ಆಟವೇ ನಿಲ್ಲಬೇಕಾಗುತ್ತದೆ. ಸೇಬರ್ ಇದಕ್ಕೆ ಕಾಲದ ಗ್ರೆನೇಡ್‌ಗಳನ್ನು ಕೊಟ್ಟಿತು. ಎಸೆದ ಜಾಗದಲ್ಲಿ ಒಂದು ಗೋಳ ಮೂಡುತ್ತದೆ, ಕಾಲದ ಏರುಪೇರು ಅದರೊಳಗೆ ಮಾತ್ರ. ಕಾಲವನ್ನು ಒಂದು ಜಾಗವನ್ನಾಗಿ ಮಾಡಿದ ಈ ಪರಿಹಾರ ನನ್ನ ದೃಷ್ಟಿಯಲ್ಲಿ ಆ ಆಟದ ಅತ್ಯಂತ ಜಾಣ ಕಲ್ಪನೆ, ಅದಕ್ಕೆ ಸಿಗಬೇಕಾದಷ್ಟು ಚರ್ಚೆ ಸಿಗಲಿಲ್ಲ.

ಬಿಡುಗಡೆಯ ಹೊತ್ತೂ ಪ್ರತಿಕೂಲವಾಗಿತ್ತು. ಆ ವರ್ಷ ಆಗಸ್ಟ್‌ನಲ್ಲಿ ‘ಬಯೋಶಾಕ್’, ಸೆಪ್ಟೆಂಬರ್ 25ಕ್ಕೆ ‘ಹೇಲೊ 3’, ಅಕ್ಟೋಬರ್ 10ಕ್ಕೆ ವಾಲ್ವ್ ಸಂಸ್ಥೆಯ ‘ಆರೆಂಜ್ ಬಾಕ್ಸ್’, ನವೆಂಬರ್ ಮೊದಲ ವಾರ ‘ಕಾಲ್ ಆಫ್ ಡ್ಯೂಟಿ 4’, ಅದರ ಬೆನ್ನಿಗೇ ‘ಕ್ರೈಸಿಸ್’. ಶೂಟರ್‌ಗಳ ಚರಿತ್ರೆಯಲ್ಲಿ ಇಷ್ಟು ದಟ್ಟವಾದ ಋತು ಇನ್ನೊಂದನ್ನು ಹುಡುಕುವುದು ಕಷ್ಟ. ಈ ದಟ್ಟಣೆ ಮಾರಾಟಕ್ಕೆ ಹೊಡೆತ ಕೊಟ್ಟಿತೆಂಬ ಮಾತನ್ನು ಬಿಡೋಣ. ನನ್ನ ವಾದಕ್ಕೆ ಮುಖ್ಯವಾದದ್ದು ‘ಆರೆಂಜ್ ಬಾಕ್ಸ್’ನೊಳಗಿದ್ದ ‘ಪೋರ್ಟಲ್’ ಎಂಬ ಚಿಕ್ಕ ಆಟ. ಅದು ಫಸ್ಟ್ ಪರ್ಸನ್ ಆಟ, ಕೈಯಲ್ಲಿ ಬಂದೂಕಿನಂಥದ್ದೇ ಸಾಧನ, ಆದರೆ ಇಡೀ ಆಟ ಎರಡು ಬಾಗಿಲುಗಳನ್ನು ಜೋಡಿಸುವ ಒಂದೇ ಕಲ್ಪನೆಯ ವಿಸ್ತಾರ. ಅದರ ಎದುರು ವಿಮರ್ಶಕರು ಅಂಕಣಗಳನ್ನು ಬಿಟ್ಟು ಒಂದು ನಿಯಮ ಹೇಗೆ ಬೆಳೆಯುತ್ತದೆ ಎಂದು ಬರೆಯತೊಡಗಿದರು. ಮರುವರ್ಷ ಜೊನಾಥನ್ ಬ್ಲೋ ಅವರ ‘ಬ್ರೇಡ್’ ಬಂದಿತು. ಶೂಟರ್ ಅಲ್ಲದ ಆ ಆಟದಲ್ಲಿ ಪ್ರತಿ ಲೋಕಕ್ಕೂ ಕಾಲದ ಒಂದೊಂದು ನಿಯಮವಿತ್ತು. ಅದು ಈ ಬರವಣಿಗೆಯನ್ನು ಇನ್ನಷ್ಟು ಗಟ್ಟಿಗೊಳಿಸಿತು. ‘ಪೋರ್ಟಲ್’ ಆದ ಮೂರು ವಾರಕ್ಕೆ ಬಂದ ‘ಟೈಮ್‌ಶಿಫ್ಟ್’ ಹೊಸ ಭಾಷೆ ಹುಟ್ಟುತ್ತಿದ್ದಾಗಲೇ ಹಳೆಯ ಭಾಷೆಯಲ್ಲಿ ತೀರ್ಪು ಪಡೆಯಿತು.

ನಡುವಿನ ಕೊಂಡಿಯಾಗಿ 2010ರ ಜೂನ್‌ನಲ್ಲಿ ಬಂದ ‘ಸಿಂಗ್ಯುಲಾರಿಟಿ’ಯನ್ನು ಹೆಸರಿಸಬೇಕು. ರೇವನ್ ಸಾಫ್ಟ್‌ವೇರ್‌ನ ಈ ಆಟ ಕಟೋರ್ಗಾ-12 ಎಂಬ ಕಲ್ಪಿತ ಸೋವಿಯತ್ ದ್ವೀಪದಲ್ಲಿ ನಡೆಯುತ್ತದೆ. ಆಟಗಾರನ ಕೈಗೆ ಕಟ್ಟಿದ ಸಾಧನ ಮುರಿದ ಮೆಟ್ಟಿಲನ್ನು ಹೊಸದಾಗಿಸುತ್ತದೆ, ಎದುರಿನ ಸೈನಿಕನನ್ನು ಮುದಿಯಾಗಿಸಿ ಧೂಳು ಮಾಡುತ್ತದೆ. ಆದರೆ ಮೊದಲೇ ಗುರುತಿಸಿಟ್ಟ ವಸ್ತುಗಳ ಮೇಲೆ ಮಾತ್ರ ಅದು ನಡೆಯುತ್ತದೆ. ಪಕ್ಕದಲ್ಲೇ ಮುರಿದುಬಿದ್ದ ಮೇಜಿಗೆ ವಯಸ್ಸಿಲ್ಲ! ವಿಮರ್ಶಕರು ಈ ಮಿತಿಯನ್ನು ಹಿಡಿದರು. ಆಟದ ಮೆಟಾಕ್ರಿಟಿಕ್ ಸರಾಸರಿ 75 ದಾಟಿ ಮೆಚ್ಚುಗೆಯ ವಲಯ ಪ್ರವೇಶಿಸಿದರೂ, ‘ಬಯೋಶಾಕ್’ ಮತ್ತು ‘ಹಾಫ್-ಲೈಫ್ 2’ಗಳ ನೆರಳು ಎಂಬ ಮಾತು ಅದಕ್ಕೂ ತಪ್ಪಲಿಲ್ಲ.

ಇನ್ನು ‘ಸೂಪರ್‌ಹಾಟ್’. ಪೋಲೆಂಡಿನ ಉಚ್ ನಗರದ ಪಿಯೋತ್ರ್ ಇವಾನಿಟ್ಸ್ಕಿ ಮತ್ತು ಗೆಳೆಯರು 2013ರಲ್ಲಿ, ಏಳು ದಿನದಲ್ಲಿ ಒಂದು ಫಸ್ಟ್ ಪರ್ಸನ್ ಶೂಟರ್ ಕಟ್ಟುವ ಸವಾಲಿಗಾಗಿ ಇದರ ಮೊದಲ ರೂಪ ಮಾಡಿದರು. ಬ್ರೌಸರ್‌ನಲ್ಲೇ ಆಡಬಹುದಾಗಿದ್ದ ಆ ಪುಟ್ಟ ಆಟ ಬೇಗ ಹರಡಿತು. ಮರುವರ್ಷ ಜನರಿಂದ ಹಣ ಸಂಗ್ರಹಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಕೇಳಿದ್ದು 1 ಲಕ್ಷ ಡಾಲರ್, ಬಂದದ್ದು ಅದರ ಎರಡು ಪಟ್ಟಿಗಿಂತ ಹೆಚ್ಚು. ನಿಯಮ ಒಂದೇ: ಆಟಗಾರ ಚಲಿಸಿದರೆ ಕಾಲ ಚಲಿಸುತ್ತದೆ, ನಿಂತರೆ ಕಾಲವೂ ಬಹುತೇಕ ನಿಲ್ಲುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಗುಂಡು ಇರುವೆಯ ವೇಗದಲ್ಲಿ ತೆವಳುತ್ತಲೇ ಇರುತ್ತದೆ. ಲೋಕ ಬಿಳಿ, ಆಯುಧ ಕಪ್ಪು, ಶತ್ರುಗಳು ಕೆಂಪು ಗಾಜಿನ ಆಕೃತಿಗಳು. ಬೇಡವಾದದ್ದೆಲ್ಲ ಹೊರಗಿದೆ.

ಒಂದು ಸನ್ನಿವೇಶ ನೋಡಿ. ಪಿಸ್ತೂಲು ಖಾಲಿಯಾಗಿದೆ, ಎದುರಿನವನು ಗುರಿಯಿಟ್ಟಿದ್ದಾನೆ. ಆಟಗಾರ ಖಾಲಿ ಪಿಸ್ತೂಲನ್ನೇ ಅವನ ಮುಖಕ್ಕೆ ಎಸೆಯುತ್ತಾನೆ. ಪೆಟ್ಟು ಬಿದ್ದವನ ಬಂದೂಕು ಗಾಳಿಗೆ ಹಾರುತ್ತದೆ. ಅದನ್ನು ನಡುಗಾಳಿಯಲ್ಲೇ ಹಿಡಿದು, ಬಲಗಡೆಯಿಂದ ಬರುವ ಗುಂಡನ್ನು ತಪ್ಪಿಸಲು ಅರ್ಧ ಹೆಜ್ಜೆ ಜಾರಿ, ತಿರುಗಿ ಹೊಡೆಯುತ್ತಾನೆ. ಆಡುವಾಗ ಇದಕ್ಕೆ ಅರ್ಧ ನಿಮಿಷದ ಲೆಕ್ಕಾಚಾರ ಹಿಡಿದಿರಬಹುದು. ಹಂತ ಮುಗಿದಾಗ ಆಟ ಅದನ್ನೇ ಸಹಜ ವೇಗದಲ್ಲಿ ಮರುಪ್ರದರ್ಶಿಸುತ್ತದೆ, ಎರಡು ಕ್ಷಣದಲ್ಲಿ ಎಲ್ಲ ಮುಗಿದುಹೋಗುತ್ತದೆ. ಯೂಲ್ ಹೇಳಿದ ಎರಡು ಕಾಲಗಳನ್ನು ಬಿಡಿಸಿ, ಮತ್ತೆ ಕೂಡಿಸಿ, ಎರಡನ್ನೂ ಆಟಗಾರನ ಕಣ್ಣೆದುರಿಗೇ ಇಡುವ ಕ್ರಮ ಇದು. ‘ಟೈಮ್‌ಶಿಫ್ಟ್’ನಲ್ಲಿ ಕಾಲ ಉಡುಪಿನ ಗುಣವಾಗಿತ್ತು, ಇಲ್ಲಿ ಲೋಕದ ನಿಯಮ. ಇದನ್ನು ಬೇಡವೆಂದು ಬದಿಗಿಟ್ಟು ಆಡಲು ಬರುವುದಿಲ್ಲ, ಯಾವ ಕೃತಕ ಬುದ್ಧಿಯೂ ನಮ್ಮ ಪರವಾಗಿ ಆರಿಸಿಕೊಡುವುದಿಲ್ಲ.

ವಿಮರ್ಶಕರು ಇದನ್ನು ಕೂಡಲೇ ಗುರುತಿಸಿದರು. ಇದು ಶೂಟರ್‌ನ ವೇಷ ತೊಟ್ಟ ಒಗಟಿನ ಆಟ ಎಂಬ ಮಾತು ವಿಮರ್ಶೆಗಳಲ್ಲಿ ಮತ್ತೆ ಮತ್ತೆ ಬಂತು, ಮೆಟಾಕ್ರಿಟಿಕ್ ಸರಾಸರಿ 80 ದಾಟಿತು. ಇದ್ದ ಮುಖ್ಯ ದೂರು ಅವಧಿಯದು. ಕಥೆ ಎರಡು-ಮೂರು ಗಂಟೆಯಲ್ಲಿ ಮುಗಿಯುತ್ತದೆ, ಬೆಲೆ ಸುಮಾರು 25 ಡಾಲರ್. ‘ಪೋರ್ಟಲ್’ ಕೂಡ ಇಷ್ಟೇ ಚಿಕ್ಕದು, ಆದರೆ ಬೇರೆ ಆಟಗಳ ಜೊತೆ ಒಂದೇ ಪೊಟ್ಟಣದಲ್ಲಿ ಬಂದದ್ದರಿಂದ ಅದರ ಮೇಲೆ ಈ ಲೆಕ್ಕ ಅಷ್ಟಾಗಿ ಬೀಳಲಿಲ್ಲ. ಗಂಟೆಗೆ ಇಷ್ಟು ಹಣ ಎಂಬ ಲೆಕ್ಕಾಚಾರ ವಿಮರ್ಶೆಯ ಹೊಸ ಭಾಷೆಯೊಳಗೂ ಉಳಿದುಕೊಂಡಿತ್ತು. ಕಾಲವೇ ವಸ್ತುವಾದ ಆಟವನ್ನು ಗೋಡೆ ಗಡಿಯಾರದಿಂದ ಅಳೆದದ್ದು ಆ ವಿಮರ್ಶೆಗಳ ದೊಡ್ಡ ದೌರ್ಬಲ್ಯವೆಂದೇ ನಾನು ಭಾವಿಸುತ್ತೇನೆ. ಒಂದೇ ಹಂತವನ್ನು ಹತ್ತು ಸಲ ಆಡಿದರೂ ಹತ್ತು ಬೇರೆ ನೃತ್ಯಗಳಾಗುವ ಆಟ ಇದು.

ಇಷ್ಟರಲ್ಲಿ ತೀರ್ಪು ಕೊಡುವವರೂ ಬದಲಾಗಿದ್ದರು. 2013ರ ನವೆಂಬರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿ ಬಳಕೆದಾರರ ವಿಮರ್ಶೆಗೆ ಜಾಗ ತೆರೆದಿತ್ತು. 2015ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಗೇಮ್ ವಿಮರ್ಶೆಯ ತಾಣ ಯೂರೋಗೇಮರ್ ಅಂಕ ಕೊಡುವುದನ್ನೇ ಕೈಬಿಟ್ಟಿತ್ತು. ‘ಸೂಪರ್‌ಹಾಟ್’ ಈ ಹೊಸ ಪರಿಸ್ಥಿತಿಯನ್ನು ತನ್ನ ಕಥೆಯೊಳಗೇ ಎಳೆದುಕೊಂಡಿತು. ಅದರ ಕಥಾನಾಯಕ ಹಳೆಯ ಕಾಲದ ಕಂಪ್ಯೂಟರ್ ಪರದೆಯಲ್ಲಿ ಗೆಳೆಯನೊಬ್ಬನಿಂದ ಕದ್ದ ಆಟ ಪಡೆದು, ಅದರ ಗೀಳಿಗೆ ಬಿದ್ದು, ಕೊನೆಗೆ ತನ್ನ ಮನಸ್ಸನ್ನೇ ಆ ವ್ಯವಸ್ಥೆಗೆ ಒಪ್ಪಿಸುತ್ತಾನೆ. ಮುಗಿದ ಮೇಲೆ ಆಟ ಆಟಗಾರನಿಗೆ ಒಂದು ಆಜ್ಞೆ ಕೊಡುತ್ತದೆ: ಹಲವು ವರ್ಷಗಳಲ್ಲಿ ತಾನು ಆಡಿದ ಅತ್ಯಂತ ನವೀನ ಶೂಟರ್ ಇದೇ ಎಂದು ಇತರರಿಗೆ ಹೇಳಬೇಕು. ಅಸಂಖ್ಯ ಆಟಗಾರರು ಸ್ಟೀಮ್‌ನ ವಿಮರ್ಶೆಯ ಜಾಗದಲ್ಲಿ ಅದೇ ವಾಕ್ಯವನ್ನು ಅಕ್ಷರಶಃ ಬರೆದರು. ಸ್ವಾಗತದ ಅಧ್ಯಯನ ಮಾಡುವವರಿಗೆ ಇದು ಕಠಿಣ ಸಾಮಗ್ರಿ. ಆ ಹೊಗಳಿಕೆಗಳನ್ನು ಅಭಿಪ್ರಾಯವೆಂದು ಎಣಿಸಬೇಕೆ, ಅಥವಾ ಆಟದ ಕೊನೆಯ ಹಂತವೆಂದು ಓದಬೇಕೆ? ಎರಡನೆಯದೇ ಸರಿ ಎಂಬುದು ನನ್ನ ನಿಲುವು. ಬರೆದವರಿಗೆ ತಾವು ಕಥೆಯ ನಾಯಕನ ಸ್ಥಾನದಲ್ಲಿ ನಿಂತು ಬರೆಯುತ್ತಿದ್ದೇವೆಂಬ ಅರಿವಿತ್ತು. ಹಾಗಾಗಿ ಸ್ಟೀಮ್‌ನ ಒಪ್ಪಿಗೆಯ ಶೇಕಡಾವಾರನ್ನು ಮಾತ್ರ ಹಿಡಿದು ಈ ಆಟದ ಜನಪ್ರಿಯತೆಯನ್ನು ಹೇಳುವ ಬರಹ ಅದರ ಸ್ವಾಗತದ ಮುಖ್ಯ ಘಟನೆಯನ್ನೇ ಬಿಟ್ಟುಬಿಟ್ಟಂತೆ.

2016ರ ಕೊನೆಗೆ ಬಂದ ವರ್ಚುವಲ್ ರಿಯಾಲಿಟಿ ಆವೃತ್ತಿಯಲ್ಲಿ ಬಟನ್ನಿನ ಬದಲು ಮೈಯೇ ಕಾಲದ ಕೀಲಿಯಾಯಿತು. ತಲೆ ಬಾಗಿಸಿದಷ್ಟು, ಕೈ ಎತ್ತಿದಷ್ಟೇ ಕಾಲ ಹರಿಯುತ್ತದೆ. ಮೂಲಕ್ಕಿಂತ ಇದೇ ಮೇಲು ಎಂದ ವಿಮರ್ಶಕರು ಹಲವರು. ಆದರೆ ಪರದೆಯಲ್ಲಿ ಕಥೆಯ ಅಂಗವಾಗಿದ್ದ ಆತ್ಮಹಾನಿಯ ದೃಶ್ಯಗಳು ಹೆಡ್‌ಸೆಟ್ ತೊಟ್ಟಾಗ ಆಟಗಾರನ ಸ್ವಂತ ಕೈಯ ಕ್ರಿಯೆಗಳಾಗಿಬಿಟ್ಟವು. 2021ರ ಜುಲೈನಲ್ಲಿ ತಂಡ ಅವನ್ನು ತೆಗೆದುಹಾಕಿತು, ಅದನ್ನು ಪ್ರತಿಭಟಿಸಿ ಸ್ಟೀಮ್‌ನಲ್ಲಿ ಋಣಾತ್ಮಕ ವಿಮರ್ಶೆಗಳ ಸುರಿಮಳೆಯಾಯಿತು. ದೇಹವೇ ನಿಯಂತ್ರಕವಾದಾಗ ಅದೇ ದೃಶ್ಯ ಅದೇ ದೃಶ್ಯವಾಗಿ ಉಳಿಯುವುದಿಲ್ಲ. ಕೃತಿಯ ಸ್ವಾತಂತ್ರ್ಯದ ಹೆಸರಿನಲ್ಲಿ ಬರೆದ ಬಹುಪಾಲು ಪ್ರತಿಭಟನಕಾರರು ಈ ವ್ಯತ್ಯಾಸವನ್ನು ಚರ್ಚೆಗೆ ತಂದಂತೆ ಕಾಣುವುದಿಲ್ಲ.

ಇದಕ್ಕೆ ಒಂದು ವರ್ಷ ಮೊದಲು, 2020ರ ಜುಲೈನಲ್ಲಿ, ‘ಮೈಂಡ್ ಕಂಟ್ರೋಲ್ ಡಿಲೀಟ್’ ಎಂಬ ಮುಂದಿನ ಆಟ ಬಂದಿತ್ತು. ಮೂಲ ಆಟ ಕೊಂಡವರಿಗೆ ಅದನ್ನು ಉಚಿತವಾಗಿ ಕೊಟ್ಟರು. ಅವಧಿಯ ದೂರಿಗೆ ಉತ್ತರವೆಂಬಂತೆ ಅದು ಮೂಲಕ್ಕಿಂತ ಹಲವು ಪಟ್ಟು ಉದ್ದವಿತ್ತು. ಆದರೆ ಅದೇ ಕೋಣೆಗಳು ಮರುಕಳಿಸುತ್ತವೆ ಎಂಬುದು ಈಗ ಹೊಸ ದೂರಾಯಿತು. ಕಥೆಯ ಕೊನೆಯಲ್ಲಿ ಅದು ಆಟಗಾರನನ್ನು ಎಂಟು ಗಂಟೆ ಸುಮ್ಮನೆ ಕಾಯಿಸಿತು. ಎಷ್ಟೇ ಚಲಿಸಿದರೂ, ನಿಂತರೂ ಆ ಗಂಟೆಗಳು ತಮ್ಮ ಪಾಡಿಗೆ ತಾವು ಸಾಗುತ್ತಿದ್ದವು. ಆಟಗಾರರು ಸಿಟ್ಟಾದರು, ತಂಡ ಕಾಯುವ ಅವಧಿಯನ್ನು ತಗ್ಗಿಸಿತು. ಗಂಟೆಯ ಲೆಕ್ಕದಲ್ಲಿ ಆಟವನ್ನು ತೂಗಿದ ವಿಮರ್ಶೆಗೆ ಆಟವೇ ಕೊಟ್ಟ ನೇರ ಉತ್ತರ ಅದು, ಮತ್ತು ಆ ಉತ್ತರವನ್ನು ಉತ್ತರವೆಂದು ಓದಿದ ವಿಮರ್ಶೆ ಇನ್ನೂ ಬರಬೇಕಾಗಿದೆ ಎನ್ನುವ ಕಾರಣಕ್ಕೇ ಈ ಆಟಗಳ ಸ್ವಾಗತದ ಅಧ್ಯಯನ ಅಂಕಪಟ್ಟಿಯಾಚೆಗೆ ಹೋಗಬೇಕು.