ಅಪಘಾತ ಸಾವಿನ ಪರಿಹಾರ: ವಕಾಲತ್ತಿಗೆ ಸಹಿ ಹಾಕುವ ಮುನ್ನ

ಮೈಸೂರು: ರೈಲು ನಿಲ್ದಾಣದ ಹಿಂಬದಿಗೆ ಹರಡಿಕೊಂಡಿರುವ ಯಾದವಗಿರಿ ನಗರದ ನೆಮ್ಮದಿಯ ಬಡಾವಣೆಗಳಲ್ಲೊಂದು. ಆಕಾಶವಾಣಿ, ರಾಮಕೃಷ್ಣ ಆಶ್ರಮ, ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನೆ ಎಲ್ಲವೂ ಇಲ್ಲಿಯವೇ. ನ್ಯಾಯಾಲಯದ ಮೆಟ್ಟಿಲನ್ನು ಎಂದೂ ಹತ್ತದ ನಿವೃತ್ತರು, ನೌಕರರು, ವ್ಯಾಪಾರಿಗಳು ಇಂತಹ ಬಡಾವಣೆಗಳಲ್ಲಿ ಅಧಿಕ. ಹೀಗಿರುವ ಮನೆಯೊಂದಕ್ಕೆ ಹೆದ್ದಾರಿಯಿಂದ ಸಾವಿನ ಸುದ್ದಿ ಬಂದಾಗ, ತಿಥಿಯ ಕಾರ್ಯಗಳು ಮುಗಿಯುವ ಮುನ್ನವೇ ಪರಿಚಯವಿಲ್ಲದ ವ್ಯಕ್ತಿಯೊಬ್ಬರು ಬಾಗಿಲಿಗೆ ಬರುವುದುಂಟು. ‘ಕೇಸನ್ನು ನಾವು ನೋಡಿಕೊಳ್ಳುತ್ತೇವೆ, ಈಗ ಒಂದು ಪೈಸೆಯೂ ಬೇಡ, ಹಣ ಬಂದ ಮೇಲೆ ಲೆಕ್ಕ ಮಾಡಿಕೊಳ್ಳೋಣ, ಇಲ್ಲೊಂದು ಸಹಿ ಹಾಕಿ’ ಎಂಬುದು ಅವರ ಮಾತು. ಶೋಕದಲ್ಲಿರುವ ಕುಟುಂಬ ಸಹಿ ಹಾಕಿಬಿಡುತ್ತದೆ.

ಆ ಕಾಗದವೇ ವಕಾಲತ್ತು. ಮುಂದಿನ ಹಲವು ವರ್ಷಗಳ ಕಾಲ ಮೃತರ ಪತ್ನಿ, ಮಕ್ಕಳು, ವೃದ್ಧ ತಾಯಿತಂದೆಯರ ಪಾಲಿನ ಹಣ ಆ ಸಹಿಯನ್ನು ಅವಲಂಬಿಸಿರುತ್ತದೆ. ಮನೆ ಕಟ್ಟಿಸಲು ಮೇಸ್ತ್ರಿಯನ್ನು ಹುಡುಕುವಾಗ ತೋರುವ ಎಚ್ಚರಿಕೆಯನ್ನು ಇಲ್ಲಿ ತೋರುವವರು ವಿರಳ. ವಕೀಲರು ತಪ್ಪು ಮಾಡಿದರೆ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಭಾವಿಸುವವರೂ ಇದ್ದಾರೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ತೀರ್ಪಿತ್ತ ಬಳಿಕ ಆ ದಾರಿ ಮುಚ್ಚಿದೆ. ದುರ್ನಡತೆಗಾಗಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ಆದರೆ ಕೈತಪ್ಪಿದ ಪರಿಹಾರದ ಹಣ ಅದರಿಂದ ಮನೆಗೆ ಬಾರದು.

ಯಾವ ಬಾಗಿಲು?

ಎಲ್ಲ ಸಾವುಗಳ ದಾವೆಯೂ ಒಂದೇ ನ್ಯಾಯಾಲಯಕ್ಕೆ ಹೋಗುವುದಿಲ್ಲ. ರಸ್ತೆ ಅಪಘಾತವಾದರೆ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿ. ರೈಲಿನಿಂದ ಬಿದ್ದು ಪ್ರಯಾಣಿಕ ಮೃತಪಟ್ಟರೆ ಬೆಂಗಳೂರಿನ ರೈಲ್ವೆ ಪರಿಹಾರ ನ್ಯಾಯಮಂಡಳಿ. ಅಲ್ಲಿ ಸಾವಿಗೆ ನಿಗದಿಯಾದ ಮೊತ್ತ 2017ರಿಂದ 8 ಲಕ್ಷ ರೂ., ಅರ್ಜಿಗೆ ಅವಧಿ ಒಂದು ವರ್ಷ. ಆಸ್ಪತ್ರೆಯ ನಿರ್ಲಕ್ಷ್ಯದಿಂದಾದ ಸಾವಿಗೆ ಗ್ರಾಹಕ ಆಯೋಗವಿದ್ದು, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ವೈದ್ಯಕೀಯ ಪ್ರಕರಣದ ಬಗೆಯೇ ಬೇರೆ. ಅಲ್ಲಿ ಚಿಕಿತ್ಸೆಯ ದಾಖಲೆಯನ್ನು ಓದಬಲ್ಲ, ಮತ್ತೊಬ್ಬ ತಜ್ಞ ವೈದ್ಯರ ಲಿಖಿತ ಅಭಿಪ್ರಾಯ ಪಡೆಯಬಲ್ಲ ವಕೀಲರು ಬೇಕು. ಆಸ್ತಿ ವ್ಯಾಜ್ಯದಲ್ಲಿ ಎತ್ತಿದ ಕೈ ಎನಿಸಿದವರು ಇದಕ್ಕೂ ಆಗುತ್ತಾರೆ ಎಂಬ ಭರವಸೆಯಿಲ್ಲ. ಕೆಲಸದ ಮೇಲಿದ್ದಾಗ ವಾಹನ ಅಪಘಾತದಲ್ಲಿ ನೌಕರ ಮೃತಪಟ್ಟರೆ ಕಾರ್ಮಿಕ ಪರಿಹಾರ ಅಥವಾ ಮೋಟಾರು ಪರಿಹಾರ, ಎರಡರಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಬೇಕು. ಒಮ್ಮೆ ಆಯ್ದುಕೊಂಡ ಮೇಲೆ ಹಿಂದಿರುಗುವಂತಿಲ್ಲ. ಯಾವುದು ಲಾಭಕರವೆಂದು ಮೊದಲ ಭೇಟಿಯಲ್ಲೇ ಲೆಕ್ಕ ಹಾಕಿ ತೋರಿಸದ ವಕೀಲರ ಬಗ್ಗೆ ಸಂಶಯ ತಾಳುವುದು ತಪ್ಪಲ್ಲ.

ಈ ಬಗೆಯ ದಾವೆಗಳಲ್ಲಿ ರಸ್ತೆ ಅಪಘಾತದವೇ ಸಾಮಾನ್ಯವಾದ್ದರಿಂದ ಮುಂದಿನ ವಿವರ ಮುಖ್ಯವಾಗಿ ಅವುಗಳದ್ದು. ಸಾವು ರಾಮನಗರದ ಬಳಿಯೋ ಮಂಡ್ಯದ ಬಳಿಯೋ ಸಂಭವಿಸಿದ್ದರೂ ವಾರಸುದಾರರು ತಾವು ವಾಸಿಸುವ ಊರಿನಲ್ಲೇ ಅರ್ಜಿ ಸಲ್ಲಿಸಲು ಕಾನೂನು ಅವಕಾಶ ಕೊಟ್ಟಿದೆ. ಯಾದವಗಿರಿಯ ಕುಟುಂಬಕ್ಕೆ ಮೈಸೂರಿನ ನ್ಯಾಯಾಲಯವೇ ಸಾಕು. ಅಪಘಾತ ನಡೆದ ಊರಿನ ವಕೀಲರೇ ಆಗಬೇಕೆಂಬ ಮಾತನ್ನು ನಂಬಬೇಕಿಲ್ಲ.

ಅವಧಿಯ ವಿಷಯದಲ್ಲಿ ಎಚ್ಚರ ಅಗತ್ಯ. 2019ರ ತಿದ್ದುಪಡಿಯು 2022ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂದು ವಿಧಿಸಿತು. ಈ ನಿಯಮ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿತವಾಗಿದ್ದು, ಕೇವಲ ವಿಳಂಬದ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಹೊರಟಿತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ಜಾಣತನವಲ್ಲ. ‘ಸಮಯ ಬೇಕಾದಷ್ಟಿದೆ’ ಎನ್ನುವ ವಕೀಲರಿಗಿಂತ ಆರು ತಿಂಗಳ ದಿನಾಂಕವನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳುವವರು ಮೇಲು.

ವಾಕ್ಚಾತುರ್ಯವಲ್ಲ, ಕಾಗದಪತ್ರ

ಸಿನಿಮಾಗಳಲ್ಲಿ ಕಾಣುವ ಗುಡುಗುವ ವಾದಕ್ಕೆ ಪರಿಹಾರ ನ್ಯಾಯಮಂಡಳಿಯಲ್ಲಿ ಹೆಚ್ಚಿನ ಸ್ಥಾನವಿಲ್ಲ. ಸಾವಿನ ಪರಿಹಾರವನ್ನು ಲೆಕ್ಕ ಹಾಕುವ ಸೂತ್ರವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಹಾಗೂ 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಖಚಿತಪಡಿಸಿದೆ. ಮೃತರ ಆದಾಯ, ವಯಸ್ಸು, ಅವಲಂಬಿತರ ಸಂಖ್ಯೆ ಈ ಮೂರು ತಿಳಿದರೆ ಮೊತ್ತದ ಬಹುಭಾಗ ತಾನಾಗಿ ಹೊರಬೀಳುತ್ತದೆ. ವಯಸ್ಸಿಗೂ ಅವಲಂಬಿತರಿಗೂ ದಾಖಲೆ ಸುಲಭ. ಹೋರಾಟವೆಲ್ಲ ಆದಾಯದ ಮೇಲೆಯೇ.

ಉದಾಹರಣೆಗೆ, ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದ 38 ವರ್ಷದ ವ್ಯಕ್ತಿಯೊಬ್ಬರು ಮೃತಪಟ್ಟರೆಂದು ಭಾವಿಸೋಣ. ಪತ್ನಿ, ಇಬ್ಬರು ಮಕ್ಕಳು, ತಾಯಿ ಹೀಗೆ ನಾಲ್ವರು ಅವಲಂಬಿತರು. ತಿಂಗಳಿಗೆ 20,000 ರೂ. ಆದಾಯವಿತ್ತೆಂದು ಸಾಬೀತಾದರೆ, ಸ್ವಂತ ಉದ್ಯೋಗದ 40 ವರ್ಷದೊಳಗಿನವರಿಗೆ ಭವಿಷ್ಯದ ಏಳಿಗೆಗಾಗಿ ಶೇಕಡ 40 ಸೇರಿ 28,000 ರೂ. ಆಗುತ್ತದೆ. ಮೃತರ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದರೆ ಉಳಿಯುವುದು 21,000 ರೂ. ಇದನ್ನು 12ರಿಂದಲೂ, 36ರಿಂದ 40ರ ವಯೋಮಾನಕ್ಕೆ ನಿಗದಿಯಾದ ಗುಣಕ 15ರಿಂದಲೂ ಗುಣಿಸಿದರೆ 37,80,000 ರೂ.

ಈಗ ಅದೇ ವ್ಯಾಪಾರಿಯ ಆದಾಯಕ್ಕೆ ಯಾವ ಕಾಗದವೂ ಸಿಗಲಿಲ್ಲವೆಂದುಕೊಳ್ಳಿ. ಆಗ ನ್ಯಾಯಮಂಡಳಿ ಕಾಲ್ಪನಿಕ ಆದಾಯವೊಂದನ್ನು ಊಹಿಸಿಕೊಳ್ಳುತ್ತದೆ. ಲೋಕ ಅದಾಲತ್‌ಗಳಿಗೆಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಸಿದ್ಧಪಡಿಸಿದ ಪಟ್ಟಿಯನ್ನು ಇದಕ್ಕೆ ಆಧಾರವಾಗಿ ನೋಡುವುದು ಕರ್ನಾಟಕದಲ್ಲಿ ರೂಢಿ. ಆ ಊಹೆ 14,000 ರೂ. ಆದರೆ ಪರಿಹಾರ 26,46,000 ರೂ.ಗೆ ಇಳಿಯುತ್ತದೆ. ವ್ಯತ್ಯಾಸ 11,34,000 ರೂ. ಇಬ್ಬರು ಮಕ್ಕಳ ಓದು ಮುಗಿಸಬಹುದಾದ ಈ ಹಣ ವಾದದಲ್ಲಿ ಸೋತದ್ದಲ್ಲ. ಸಗಟು ವ್ಯಾಪಾರಿಯ ಲೆಕ್ಕದ ಪುಸ್ತಕ, ಬ್ಯಾಂಕ್ ಖಾತೆಯ ವಿವರ, ಪಾಲಿಕೆಯ ಪರವಾನಗಿ, ಪಿಗ್ಮಿ ಪಾಸ್‌ಬುಕ್, ಮಗುವಿನ ಶಾಲಾ ಶುಲ್ಕದ ರಸೀದಿ ಇವನ್ನು ಯಾರೂ ಕೇಳದೆ, ಹಾಜರುಪಡಿಸದೆ ಕಳೆದುಹೋದದ್ದು. (ಸಂಗಾತಿಯ ಅಗಲಿಕೆಗೆ 40,000 ರೂ., ಅಂತ್ಯಕ್ರಿಯೆಗೆ ಮತ್ತು ಆಸ್ತಿ ನಷ್ಟಕ್ಕೆ ತಲಾ 15,000 ರೂ. ಎಂದು 2017ರಲ್ಲಿ ನಿಗದಿಯಾದ ಮೊತ್ತಗಳು ಪ್ರತ್ಯೇಕ. ಇವು ಮೂರು ವರ್ಷಕ್ಕೊಮ್ಮೆ ಶೇಕಡ 10ರಷ್ಟು ಹೆಚ್ಚುತ್ತವೆ.)

ಆದ್ದರಿಂದ ಮೊದಲ ಭೇಟಿಯಲ್ಲಿ ವಕೀಲರು ಏನು ಹೇಳುತ್ತಾರೆ ಎಂಬುದಕ್ಕಿಂತ ಏನು ಕೇಳುತ್ತಾರೆ ಎಂಬುದನ್ನು ಗಮನಿಸಬೇಕು. ‘ಐವತ್ತು ಲಕ್ಷ ಗ್ಯಾರಂಟಿ’ ಎನ್ನುವವರು ಸೂತ್ರವನ್ನು ಬಲ್ಲವರಲ್ಲ, ಅಥವಾ ಬಲ್ಲರೂ ಹೇಳುತ್ತಿಲ್ಲ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಮರಣೋತ್ತರ ಪರೀಕ್ಷೆಯ ವರದಿ, ದೋಷಾರೋಪ ಪಟ್ಟಿ ಇವನ್ನು ಓದಿ, ಮೃತರ ಮೇಲೂ ತಪ್ಪು ಹೊರಿಸಲು ವಿಮಾ ಕಂಪನಿಗೆ ಎಲ್ಲಿ ಆಸ್ಪದವಿದೆ ಎಂದು ತೋರಿಸುವವರು ಕೆಲಸ ಬಲ್ಲವರು. 2022ರ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ವರದಿಯನ್ನೂ 90 ದಿನದೊಳಗೆ ವಿವರವಾದ ಅಪಘಾತ ವರದಿಯನ್ನೂ ನ್ಯಾಯಮಂಡಳಿಗೆ ಸಲ್ಲಿಸಬೇಕು. ಈ ವರದಿಗಳ ಪ್ರತಿ ಪಡೆಯುವ ಬಗ್ಗೆ ವಕೀಲರನ್ನು ವಿಚಾರಿಸಿದರೆ ಅವರ ಅನುಭವದ ಅಳತೆ ತಿಳಿದುಬಿಡುತ್ತದೆ.

ಮಂಗಳೂರಿನ ಉದಾಹರಣೆ

ಆದಾಯದ ಒಂದೊಂದು ಸಾಲೂ ಎಷ್ಟು ಮುಖ್ಯ ಎಂಬುದಕ್ಕೆ ರಾಜ್ಯದಲ್ಲೇ ದೊಡ್ಡ ನಿದರ್ಶನವಿದೆ. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಮೃತಪಟ್ಟರು. ಮೃತರಲ್ಲಿ ದಕ್ಷಿಣ ಕನ್ನಡ, ಕಾಸರಗೋಡಿನವರು ಬಹಳ. ಹಲವು ಕುಟುಂಬಗಳು ಮಾತುಕತೆಯ ಮೊತ್ತಕ್ಕೆ ಒಪ್ಪಿ ಸಹಿ ಹಾಕಿದವು. ದುಬೈಯಲ್ಲಿ ಉನ್ನತ ಹುದ್ದೆಯಲ್ಲಿದ್ದವರೊಬ್ಬರ ಕುಟುಂಬ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಗಿ 7.35 ಕೋಟಿ ರೂ. ಪಡೆದು, ಅಲ್ಲಿಗೂ ನಿಲ್ಲದೆ ಸುಪ್ರೀಂ ಕೋರ್ಟ್ ತಲುಪಿತು. ಸಂಬಳವನ್ನು ಕಂಪನಿ ತನ್ನ ಅನುಕೂಲಕ್ಕೆ ಬೇರೆ ಬೇರೆ ಭತ್ಯೆಗಳ ಹೆಸರಿನಲ್ಲಿ ಹಂಚಿತೆಂಬ ಕಾರಣಕ್ಕೆ ಆ ಭತ್ಯೆಗಳನ್ನು ಆದಾಯದಿಂದ ಕಳೆಯಲಾಗದೆಂದು 2020ರಲ್ಲಿ ತೀರ್ಪು ನೀಡಿದ ನ್ಯಾಯಾಲಯ, ಮೊತ್ತವನ್ನು 7.64 ಕೋಟಿ ರೂ.ಗೆ ಏರಿಸಿತು. ಹತ್ತು ವರ್ಷ ಹಿಡಿಯಿತೆಂಬುದೂ ನಿಜ. ವಿಮಾನದ ಪ್ರಕರಣಕ್ಕೆ ಅನ್ವಯಿಸುವ ಕಾನೂನು ಬೇರೆಯಾದರೂ ಸಂಬಳದ ಚೀಟಿಯನ್ನು ಓದುವ ಈ ಬಗೆ ಮೈಸೂರಿನ ಕಾರ್ಖಾನೆಯ ನೌಕರರಿಗೂ ಪ್ರಯೋಜನಕರ.

ಶುಲ್ಕದ ಮಾತು

ಅಮೆರಿಕದಲ್ಲಿ ಇಂತಹ ದಾವೆಗಳನ್ನು ವಕೀಲರು ಗೆದ್ದ ಮೊತ್ತದ ಪಾಲಿನ ಲೆಕ್ಕದಲ್ಲಿ ನಡೆಸುವುದು ಸಾಮಾನ್ಯ. ಅಲ್ಲಿನ ನೆಂಟರು ಹೇಳಿದ್ದನ್ನು ಕೇಳಿ ಇಲ್ಲಿಯೂ ಹಾಗೆಯೇ ಎಂದು ತಿಳಿಯುವವರಿದ್ದಾರೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ ಇದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ದಾವೆಯ ಫಲವನ್ನು ಆಧರಿಸಿ ಶುಲ್ಕ ಗೊತ್ತುಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲು ಕೇಳುವಂತಿಲ್ಲ. ಕೆಲಸವನ್ನು ಯಾಚಿಸಿ ಮನೆಬಾಗಿಲಿಗೆ ಬರುವುದೂ, ಮಧ್ಯವರ್ತಿಯನ್ನು ಕಳುಹಿಸುವುದೂ ಅದೇ ನಿಯಮಾವಳಿಯಲ್ಲಿ ನಿಷಿದ್ಧ. ಎಂದಮೇಲೆ ಶವಾಗಾರದ ಬಳಿ ಕಾರ್ಡು ಕೊಟ್ಟು ‘ಶೇಕಡ ಇಷ್ಟು’ ಎನ್ನುವವರು ಮೊದಲ ದಿನವೇ ಎರಡು ನಿಯಮ ಮುರಿದಂತಾಯಿತು.

ಕೈಯಲ್ಲಿ ಹಣವಿಲ್ಲದ ಕುಟುಂಬಕ್ಕೆ ‘ಈಗ ಏನೂ ಬೇಡ’ ಎಂಬ ಮಾತು ಆಸರೆಯಂತೆ ಕೇಳಿಸುತ್ತದೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದಕ್ಕೆ ಪರ್ಯಾಯವಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಪಡೆಯಲು ಅರ್ಹರು. ಮೃತರ ಪತ್ನಿ ಮತ್ತು ಮಕ್ಕಳು ಅರ್ಜಿದಾರರಾಗಿರುವ ಪ್ರಕರಣಗಳಿಗೆಲ್ಲ ಇದು ಅನ್ವಯ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ನೇರವಾಗಿ ಕಾಣಬಹುದು, 15100 ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು.

ಖಾಸಗಿ ವಕೀಲರನ್ನೇ ನೇಮಿಸುವುದಾದರೆ ಒಟ್ಟು ಶುಲ್ಕ, ಕಂತು, ಟೈಪಿಂಗ್ ಮತ್ತು ಸಾಕ್ಷಿಗಳ ಖರ್ಚು, ಹೈಕೋರ್ಟ್ ಮೇಲ್ಮನವಿಗೆ ಪ್ರತ್ಯೇಕ ಶುಲ್ಕವೇ ಎಂಬುದನ್ನು ಬರೆಸಿಕೊಂಡು ರಸೀದಿ ಪಡೆಯಬೇಕು. ಖಾಲಿ ಕಾಗದಕ್ಕಾಗಲಿ ಖಾಲಿ ಚೆಕ್ಕಿಗಾಗಲಿ ಸಹಿ ಹಾಕಬಾರದು. ಪರಿಹಾರದ ಹಣವನ್ನು ನೇರವಾಗಿ ಅರ್ಜಿದಾರರ ಬ್ಯಾಂಕ್ ಖಾತೆಗೇ ಜಮೆ ಮಾಡಿಸುವಂತೆ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಸೂಚಿಸಿದೆ. ಅರ್ಜಿಯೊಡನೆ ಪತ್ನಿಯ ಸ್ವಂತ ಖಾತೆಯ ವಿವರ ಕೊಡಬೇಕೇ ಹೊರತು ಭಾವಮೈದುನನದ್ದೋ ಮಧ್ಯವರ್ತಿಯದ್ದೋ ಅಲ್ಲ.

ಪರಿಶೀಲನೆ ಹೇಗೆ?

ವಕೀಲರು ಜಾಹೀರಾತು ನೀಡುವಂತಿಲ್ಲವಾದ್ದರಿಂದ ಫಲಕ ನೋಡಿ ನಿರ್ಧರಿಸಲಾಗದು. ಆದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರು ನಮೂದಿಸಿ ಅವರು ನಡೆಸುತ್ತಿರುವ ಹಾಗೂ ನಡೆಸಿದ ಮೊಕದ್ದಮೆಗಳನ್ನು ನೋಡಬಹುದೆಂಬುದು ಬಹುಮಂದಿಗೆ ತಿಳಿದಿಲ್ಲ. ಜಿಲ್ಲೆ ಮತ್ತು ನ್ಯಾಯಾಲಯವನ್ನು ಆಯ್ದು ಮೋಟಾರು ಪರಿಹಾರದ ಅರ್ಜಿಗಳೆಷ್ಟು, ಎಷ್ಟು ಗೈರುಹಾಜರಿಯಿಂದ ವಜಾ ಆಗಿವೆ ಎಂಬುದನ್ನು ಅರ್ಧ ಗಂಟೆಯಲ್ಲಿ ಅರಿಯಬಹುದು. ನೋಂದಣಿ ಸಂಖ್ಯೆಯನ್ನು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ತಾಳೆ ನೋಡುವುದು ಕಷ್ಟವಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಇಂತಹದೇ ದಾವೆ ಮುಗಿಸಿಕೊಂಡ ಕುಟುಂಬವೊಂದನ್ನು ಮಾತನಾಡಿಸುವುದು ಒಳ್ಳೆಯದು.

ರಾಜಿಯ ಹೊತ್ತಿನಲ್ಲೇ ವಕೀಲರ ನಿಜವಾದ ಪರೀಕ್ಷೆ. ಲೋಕ ಅದಾಲತ್‌ನಲ್ಲಿ ಒಪ್ಪಿದ ಮೊತ್ತಕ್ಕೆ ಮೇಲ್ಮನವಿ ಇಲ್ಲ. ಯಾರ ತಪ್ಪೆಂದು ಸಾಬೀತುಪಡಿಸಬೇಕಿಲ್ಲದ 164ನೇ ಕಲಮಿನ 5 ಲಕ್ಷ ರೂ.ಗಳನ್ನು ವಿಮಾ ಕಂಪನಿಯಿಂದ ಸ್ವೀಕರಿಸಿದರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ಬಿದ್ದುಹೋಗುತ್ತದೆ. ರಾಜಿ ಕೆಟ್ಟದ್ದೆಂದಲ್ಲ. ಕೈಗೆ ಬೇಗ ಬರುವ 30 ಲಕ್ಷ ರೂ. ಹಲವು ವರ್ಷದ ನಂತರದ 37 ಲಕ್ಷಕ್ಕಿಂತ ಕೆಲವರಿಗೆ ಉಪಯುಕ್ತವಾದೀತು. ಆದರೆ ಸೂತ್ರದ ಪ್ರಕಾರ ಎಷ್ಟು, ಒಪ್ಪುತ್ತಿರುವುದು ಎಷ್ಟು ಎಂಬ ಎರಡೂ ಅಂಕಿಗಳನ್ನು ಕಾಗದದ ಮೇಲೆ ತೋರಿಸುವುದು ವಕೀಲರ ಹೊಣೆ.

ಒಮ್ಮೆ ನೇಮಿಸಿದ ವಕೀಲರನ್ನು ಬದಲಿಸಲು ಅಡ್ಡಿಯಿಲ್ಲ. ಶುಲ್ಕ ಬಾಕಿಯಿದೆ ಎಂಬ ಕಾರಣಕ್ಕೆ ಕಕ್ಷಿದಾರರ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಮೂಲ ದಾಖಲೆಗಳನ್ನು ಕೊಡುವಾಗ ಒಂದೊಂದರ ನೆರಳಚ್ಚು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡವರಿಗೆ ಈ ಬದಲಾವಣೆ ಸುಲಭ. ನ್ಯಾಯಮಂಡಳಿಯ ತೀರ್ಪು ತೃಪ್ತಿಕರವೆನಿಸದಿದ್ದರೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು ಇರುವುದು 90 ದಿನ. ತೀರ್ಪಿನ ದೃಢೀಕೃತ ಪ್ರತಿಗೆ ಅದೇ ವಾರದಲ್ಲಿ ಅರ್ಜಿ ಹಾಕಿಸುವುದು ಲೇಸು.