ಸಂಬಳ ಒಂದು ಮನೆಯದು, ದುಡಿಮೆ ಇನ್ನೊಂದು ಮನೆಯಲ್ಲಿ

1994ರ ಕ್ರಿಸ್‌ಮಸ್‌ಗೆ ಅಮೆರಿಕದ ಎಷ್ಟೋ ಮಕ್ಕಳಿಗೆ ಡಿಸ್ನಿಯ ‘ಲಯನ್ ಕಿಂಗ್’ ಆಟದ ಸಿ.ಡಿ. ಉಡುಗೊರೆಯಾಗಿ ಬಂತು. ಆ ಹಬ್ಬದಲ್ಲಿ ಭರ್ಜರಿಯಾಗಿ ಮಾರಾಟವಾಗಿದ್ದ ಕಾಂಪ್ಯಾಕ್ ಪ್ರೆಸಾರಿಯೊ ಕಂಪ್ಯೂಟರಿಗೆ ಅದನ್ನು ಹಾಕಿದರೆ ಸಿಂಹ ಕಾಣಲೇ ಇಲ್ಲ, ಯಂತ್ರವೇ ಕೈಕೊಟ್ಟಿತು. ಆಟದವರು ಮೈಕ್ರೋಸಾಫ್ಟ್‌ನ ‘ವಿನ್‌ಜಿ’ ಎಂಬ ಗ್ರಾಫಿಕ್ಸ್ ತಂತ್ರಾಂಶವನ್ನು ನೆಚ್ಚಿದ್ದರು. ಆ ಯಂತ್ರದ ವಿಡಿಯೊ ಡ್ರೈವರಿಗೂ ವಿನ್‌ಜಿಗೂ ಹೊಂದಾಣಿಕೆ ಇದೆಯೇ ಎಂದು ಯಾರೂ ನೋಡಿರಲಿಲ್ಲ. ತಪ್ಪು ಆಟದ್ದೋ, ವಿಂಡೋಸ್‌ನದ್ದೋ, ಡ್ರೈವರಿನದ್ದೋ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಬೆಳೆದ ವೃತ್ತಿಯೊಂದಿದೆ. ಚಿಪ್ ಕಂಪನಿಯ ಸಂಬಳ ಪಡೆದು ಆಟದ ಸ್ಟುಡಿಯೊಗಳ ಕೆಲಸ ಮಾಡಿಕೊಡುವ ಗ್ರಾಫಿಕ್ಸ್ ಎಂಜಿನಿಯರ್‌ನದು. ಉದ್ಯಮದ ಆಡುಮಾತಿನಲ್ಲಿ ಇದಕ್ಕೆ ‘ಡೆವ್‌ಟೆಕ್’ ಎನ್ನುತ್ತಾರೆ. ಬೀಗರ ಮನೆಯ ಮದುವೆಗೆ ಅಡುಗೆ ಮಾಡಲು ಹೋದವರ ಪಾಡು ಇವರದು: ಊಟ ರುಚಿಯಾದರೆ ಹೆಸರು ಬೀಗರಿಗೆ, ಉಪ್ಪು ಹೆಚ್ಚಾದರೆ ಮಾತು ಇವರಿಗೆ.

ಆಟಕ್ಕೂ ಚಿಪ್‌ಗೂ ನಡುವೆ ಸೇತುವೆಯಾಗುವ ಡೈರೆಕ್ಟ್‌ಎಕ್ಸ್ ಅನ್ನು ಮೈಕ್ರೋಸಾಫ್ಟ್ 1995ರಲ್ಲಿ ಹೊರತಂದಿತು. ಅದರ ಹಿಂದಿದ್ದ ಅಲೆಕ್ಸ್ ಸೇಂಟ್ ಜಾನ್ ಅವರ ಕೆಲಸವೇ ಆಟ ತಯಾರಕರನ್ನು ಒಲಿಸಿಕೊಳ್ಳುವುದು. ಮರುವರ್ಷ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ಬಂತು. ‘ಕ್ವೇಕ್’ ಆಟದ ಜಾನ್ ಕಾರ್ಮ್ಯಾಕ್‌ಗೆ ಬೇಕಿದ್ದುದು ಅಂಥದೇ ಇನ್ನೊಂದು ಸೇತುವೆ, ಓಪನ್‌ಜಿಎಲ್. ಅಷ್ಟನ್ನೂ ಬರೆಯುವ ಗೋಜಿಗೆ ಹೋಗದೆ, ಕ್ವೇಕ್‌ಗೆ ಬೇಕಾದಷ್ಟನ್ನೇ ಕತ್ತರಿಸಿ ಪುಟ್ಟ ಡ್ರೈವರೊಂದನ್ನು 3ಡಿಎಫ್‌ಎಕ್ಸ್ ಹೊಲಿದುಕೊಟ್ಟಿತು. 1997ರ ಜನವರಿಯಲ್ಲಿ ಅದರ ಮೇಲೆ ಓಡಿದ ಜಿಎಲ್‌ಕ್ವೇಕ್ ಕಂಡವರು ಕಾರ್ಡ್ ಕೊಳ್ಳಲು ಅಂಗಡಿಗೆ ಓಡಿದರು. ಒಂದೇ ಆಟದ ಅಳತೆಗೆ ಹೊಲಿದ ಅಂಗಿಯಾದರೂ ವ್ಯಾಪಾರ ಕುದುರಿತು.

ಅಂಗಿ ಹೊಲಿಯಲು ಕಲಿತವರು ಮುಖವಾಡ ಹೊಲಿಯುವುದನ್ನೂ ಬೇಗ ಕಲಿತರು. 2001ರಲ್ಲಿ ಯಾರೋ ‘ಕ್ವೇಕ್ 3’ ಆಟದ ಫೈಲಿನ ಹೆಸರನ್ನು ‘ಕ್ವ್ಯಾಕ್’ ಎಂದು ಬದಲಿಸಿ ನೋಡಿದರು. ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನಲ್ಲಿ ಆಟದ ವೇಗ ಇಳಿಯಿತು, ಚಿತ್ರ ಮಾತ್ರ ಚೊಕ್ಕವಾಯಿತು. ಡ್ರೈವರ್ ಆಟದ ಹೆಸರನ್ನು ಗುರುತಿಸಿ, ಚಿತ್ರದ ಗುಣಮಟ್ಟ ತಗ್ಗಿಸಿ ವೇಗ ಗಿಟ್ಟಿಸುತ್ತಿತ್ತು. ಎರಡು ವರ್ಷಗಳ ನಂತರ, ಕಾರ್ಡುಗಳ ವೇಗ ಅಳೆಯುವ 3ಡಿಮಾರ್ಕ್03 ಪರೀಕ್ಷೆಯಲ್ಲಿ ಇಂಥದೇ ಚಾಲಾಕಿತನಕ್ಕೆ ಎದುರಾಳಿ ಚಿಪ್ ಕಂಪನಿ ಎನ್‌ವಿಡಿಯಾ ಸಿಕ್ಕಿಬಿತ್ತು. ಆಟಕ್ಕೆ ನೆರವಾಗುವುದಕ್ಕೂ ಆಟಗಾರನ ಕಣ್ಣಿಗೆ ಮಣ್ಣೆರಚುವುದಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂದು ಈ ಕಸುಬಿನವರಿಗೆ ಚೆನ್ನಾಗಿ ಗೊತ್ತಾದದ್ದು ಆಗ.

ಅಷ್ಟರಲ್ಲಿ ಚಿಪ್‌ನ ಸ್ವಭಾವವೇ ಬದಲಾಗಿತ್ತು. 2001ರಲ್ಲಿ ಎನ್‌ವಿಡಿಯಾದ ಜಿಫೋರ್ಸ್ 3 ಬಂದ ಮೇಲೆ, ಬೆಳಕು ಹೇಗೆ ಬೀಳಬೇಕು, ನೀರು ಹೇಗೆ ಮಿನುಗಬೇಕು ಎಂಬುದನ್ನು ಶೇಡರ್ ಎಂಬ ಪುಟ್ಟ ಪ್ರೋಗ್ರಾಮಿನಲ್ಲಿ ಆಟದವರೇ ಬರೆಯತೊಡಗಿದರು. ಬರೆಯಲು ಕಲಿಸುವವರು ಬೇಕಾದರು. ಎನ್‌ವಿಡಿಯಾ 2004ರಲ್ಲಿ ಹೊರತಂದ ‘ಜಿಪಿಯು ಜೆಮ್ಸ್’ ಪುಸ್ತಕದಂಥವು ಈ ಕಸುಬಿನವರ ಕೈಪಿಡಿಗಳಾದವು. ಆದರೆ ಒಂದೇ ಶೇಡರ್ ಒಂದು ಚಿಪ್‌ನಲ್ಲಿ ಕುದುರೆಯಾದರೆ ಇನ್ನೊಂದರಲ್ಲಿ ಎತ್ತಿನಗಾಡಿ. ಎಲ್ಲ ಕಾರ್ಡುಗಳಿಗೂ ಸಲ್ಲುವ ದಾರಿಗಿಂತ ಎನ್‌ವಿಡಿಯಾದ ಅಂದಿನ ಚಿಪ್‌ಗೆಂದು ಬರೆದ ದಾರಿಗೆ ಐದು ಪಟ್ಟು ಸಮಯ ಹಿಡಿಯಿತೆಂದು 2003ರಲ್ಲಿ ‘ಹಾಫ್-ಲೈಫ್ 2’ರ ಗೇಬ್ ನ್ಯೂವೆಲ್ ಬಹಿರಂಗವಾಗಿಯೇ ಹೇಳಿದರು.

ಮುಂದಿನ ಹಂತದಲ್ಲಿ ಚಿಪ್ ಕಂಪನಿಯ ಎಂಜಿನಿಯರು ಸ್ಟುಡಿಯೊದೊಳಗೇ ಕುಳಿತು ಆಟದ ಭಾಗಗಳನ್ನು ಬರೆದುಕೊಡತೊಡಗಿದರು. ಜಗಳ ಒಳಮನೆಗೇ ಬಂತು. 2009ರ ‘ಬ್ಯಾಟ್‌ಮ್ಯಾನ್: ಅರ್ಕಾಮ್ ಅಸೈಲಮ್’ ಆಟದಲ್ಲಿ ಅಂಚುಗಳನ್ನು ನುಣುಪುಗೊಳಿಸುವ ಆಯ್ಕೆ ಎನ್‌ವಿಡಿಯಾ ಕಾರ್ಡಿದ್ದವರಿಗಷ್ಟೇ ಮೆನುವಿನಲ್ಲಿ ಸಿಗುತ್ತಿತ್ತು. ಬರೆದವರು ನಾವು, ಪರೀಕ್ಷಿಸಿದವರೂ ನಾವು ಎಂಬುದು ಎನ್‌ವಿಡಿಯಾದ ಸಮರ್ಥನೆ. ಆಮೇಲೆ ಕೂದಲ ಜಗಳ! 2013ರಲ್ಲಿ ಆಟದ ನಾಯಕಿ ಲಾರಾ ಕ್ರಾಫ್ಟ್‌ಳ ಜಡೆಗೆ ಎದುರಾಳಿ ಚಿಪ್ ಕಂಪನಿ ಎಎಂಡಿಯ ಟ್ರೆಸ್‌ಎಫ್‌ಎಕ್ಸ್, 2015ರಲ್ಲಿ ‘ವಿಚರ್ 3’ಕ್ಕೆ ಎನ್‌ವಿಡಿಯಾದ ಹೇರ್‌ವರ್ಕ್ಸ್. ಎರಡನೆಯದು ಎಳೆಗಳನ್ನು ಎಷ್ಟು ಸಣ್ಣಗೆ ಸೀಳುತ್ತಿತ್ತೆಂದರೆ ಎಎಂಡಿ ಕಾರ್ಡುಗಳು ಏದುಸಿರು ಬಿಟ್ಟವು. ಆಟಗಾರರು ಡ್ರೈವರಿನ ಸೆಟ್ಟಿಂಗಿಗೆ ಹೋಗಿ ಆ ಸೀಳುವಿಕೆಯನ್ನು ತಗ್ಗಿಸಿದರೆ ವೇಗ ಮರಳುತ್ತಿತ್ತು, ಕೂದಲು ಹೆಚ್ಚೇನೂ ಕೆಡುತ್ತಿರಲಿಲ್ಲ. ನನ್ನ ಮಟ್ಟಿಗೆ ಇದು ಉಡುಗೊರೆಯ ಹೆಸರಲ್ಲಿ ಕೊಟ್ಟ ಹೊರೆ.

ಈ ಜಗಳಗಳ ನಡುವೆಯೇ ಆಟದವರ ಕಡೆಯಿಂದ ಇನ್ನೊಂದು ಬೇಡಿಕೆ ಬಂತು. ಡ್ರೈವರ್ ತೆರೆಮರೆಯಲ್ಲಿ ಏನು ಮಾಡುತ್ತದೋ ತಿಳಿಯದು, ಬೀಗದ ಕೈ ನಮಗೇ ಕೊಡಿ ಎಂದು ‘ಬ್ಯಾಟಲ್‌ಫೀಲ್ಡ್’ ತಂಡದ ಯೋಹಾನ್ ಆಂಡರ್ಸನ್‌ರಂಥವರು ಪಟ್ಟು ಹಿಡಿದರು. 2013ರಲ್ಲಿ ಎಎಂಡಿ ಪ್ರಕಟಿಸಿದ ಮ್ಯಾಂಟಲ್, 2015ರ ಡೈರೆಕ್ಟ್‌ಎಕ್ಸ್ 12, 2016ರ ವಲ್ಕನ್ ಆ ಕೂಗಿನ ಫಲ. ಬೀಗದ ಕೈ ಸಿಕ್ಕಿತು, ಜತೆಗೆ ಮನೆಯ ಕಸ ಗುಡಿಸುವ ಕೆಲಸವೂ ಬಂತು. ಮೆಮೊರಿ ಹಂಚಿಕೆ, ಯಾವುದು ಮೊದಲು ಯಾವುದು ಆಮೇಲೆ ಎಂಬ ಲೆಕ್ಕ ಈಗ ಆಟದವರ ತಲೆಗೆ. ಮೊದಲು ಡ್ರೈವರ್ ಸದ್ದಿಲ್ಲದೆ ತಿದ್ದಿಕೊಳ್ಳುತ್ತಿದ್ದ ತಪ್ಪು ಈಗ ಚಿಪ್ ಸ್ತಬ್ಧವಾಗುವುದರಲ್ಲಿ ಮುಗಿಯಬಹುದು. ವಿಂಡೋಸ್ ಸಾಮಾನ್ಯವಾಗಿ ಎರಡು ಸೆಕೆಂಡ್ ಕಾದು, ಉತ್ತರ ಬಾರದಿದ್ದರೆ ಚಿಪ್ಪನ್ನು ರೀಸೆಟ್ ಮಾಡುತ್ತದೆ. ಉಳಿಯುವುದು ಒಂದು ಡಂಪ್ ಫೈಲ್. ಅದನ್ನು ಹಿಡಿದು ಸ್ಟುಡಿಯೊದವರು ಮತ್ತೆ ಡೆವ್‌ಟೆಕ್‌ನ ಬಾಗಿಲಿಗೇ ಬರುತ್ತಾರೆ.

ದಿನದ ಕೆಲಸದ ಬಹುಪಾಲು ಪತ್ತೇದಾರಿಕೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಒಂದು ಫ್ರೇಮನ್ನು ಹಿಡಿದು, ನೆರಳಿಗೆಷ್ಟು, ಹೊಗೆಗೆಷ್ಟು ಎಂದು ಬಿಡಿಸಿ ನೋಡಬೇಕು. ಬಾಲ್ಡರ್ ಕಾರ್ಲ್‌ಸನ್ 2014ರಲ್ಲಿ ಬಿಡುಗಡೆ ಮಾಡಿದ ರೆಂಡರ್‌ಡಾಕ್ ಎಂಬ ಉಚಿತ ಉಪಕರಣ ಈ ವಿದ್ಯೆಯನ್ನು ಕಂಪನಿಗಳ ಗೋಡೆಯಾಚೆಗೂ ಹಂಚಿತು.

ಮೊಬೈಲ್ ಚಿಪ್‌ಗಳ ಲೆಕ್ಕ ಬೇರೆ. ಆರ್ಮ್‌ನ ಮಾಲಿ, ಕ್ವಾಲ್ಕಾಮ್‌ನ ಅಡ್ರಿನೊ ಚಿಪ್‌ಗಳು ಪರದೆಯನ್ನು ಚೌಕ ಚೌಕವಾಗಿ ಬಿಡಿಸುತ್ತವೆ. ಹಳೆಯ ಚಿತ್ರ ಬೇಡವೆಂದು ಹೇಳಲು ಆಟ ಮರೆತರೆ ಚಿಪ್ ಅದನ್ನು ಮೆಮೊರಿಯಿಂದ ಸುಮ್ಮನೆ ಹೊತ್ತು ತರುತ್ತದೆ. ಬ್ಯಾಟರಿ ಕರಗುತ್ತದೆ, ಫೋನು ಕಾದ ಕಾವಲಿ. ಒಂದೇ ಸಾಲು ತಿದ್ದಿದರೆ ಸರಿಹೋಗುವ ತಪ್ಪಾದರೂ ಹುಡುಕಲು ವಾರ ಹಿಡಿಯಬಹುದು. ಈ ಲೋಕ ನಮ್ಮಿಂದ ದೂರವೇನಲ್ಲ: ಎನ್‌ವಿಡಿಯಾ, ಎಎಂಡಿ, ಇಂಟೆಲ್, ಆರ್ಮ್, ಕ್ವಾಲ್ಕಾಮ್ ಕಂಪನಿಗಳೆಲ್ಲಕ್ಕೂ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಚೇರಿಗಳಿವೆ. 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟದ ಸ್ಟುಡಿಯೊ ಶುರುವಾದದ್ದೂ ಅದೇ ಊರಲ್ಲಿ.

ಈಗಿನ ಪೀಕಲಾಟವೇ ಬೇರೆ. 2018ರಲ್ಲಿ ಬಂದ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಸಣ್ಣ ಚಿತ್ರವನ್ನು ನರಜಾಲದಿಂದ ಹಿಗ್ಗಿಸುತ್ತಿತ್ತು. 2022ರ ಆವೃತ್ತಿ ಆಟ ಬಿಡಿಸದ ಫ್ರೇಮುಗಳನ್ನೇ ನಡುನಡುವೆ ತುರುಕುತ್ತದೆ. ಯಾವ ವಸ್ತು ಎತ್ತ ಸರಿಯಿತೆಂದು ಆಟ ಹೇಳಿದರೆ ಅದು ಹೆಚ್ಚು ಸರಿಯಾಗಿ ಊಹಿಸೀತು. ಹೊಗೆ, ಕಿಡಿ, ಮಳೆಹನಿಗಳ ಚಲನೆಯನ್ನು ಎಷ್ಟೋ ಆಟಗಳು ಬರೆದಿಡುವುದೇ ಇಲ್ಲ. ಆಗ ಹಾರುವ ಕಿಡಿಯ ಹಿಂದೆ ದೆವ್ವದಂತೆ ಬಾಲ ಕಾಣಬಹುದು. ಸ್ಟುಡಿಯೊ ನರಜಾಲವನ್ನು ಬೈಯುತ್ತದೆ. ಡೆವ್‌ಟೆಕ್‌ನವರು ಲ್ಯಾಪ್‌ಟಾಪ್ ತೆರೆದು, ಆ ಕಿಡಿಗೆ ಚಲನೆ ಬರೆದಿದೆಯೇ ಎಂದು ಮೊದಲು ನೋಡುತ್ತಾರೆ.